‘ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್’: ಸೂತ್ರದ ಹಿಂದಿನ ಭೌತವಿಜ್ಞಾನ

ಸಂಕೇತಗಳು ಹಾಗೂ ವ್ಯವಸ್ಥೆಗಳನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರಿಚಯಿಸುವ ಗ್ರಂಥಗಳಲ್ಲಿ ಓಪನ್‌ಹೈಮ್ ಮತ್ತು ವಿಲ್‌ಸ್ಕಿ ಅವರ ‘ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್’ ಪ್ರಮುಖವಾದುದು. ಅಮೆರಿಕದ ಎಂ.ಐ.ಟಿ.ಯ ಈ ಪ್ರಾಧ್ಯಾಪಕರ ಪುಸ್ತಕದ ಮೊದಲ ಆವೃತ್ತಿ 1983ರಲ್ಲಿ ಹೊರಬಂತು. ಎರಡನೆಯ ಆವೃತ್ತಿಯಲ್ಲಿ 11 ಅಧ್ಯಾಯಗಳಿವೆ. ನಿರಂತರ ಕಾಲದ ಮತ್ತು ವಿವಿಕ್ತ ಕಾಲದ ಸಂಕೇತಗಳನ್ನು ಜೊತೆಜೊತೆಯಾಗಿ ಬೆಳೆಸುವುದು ಇದರ ವೈಶಿಷ್ಟ್ಯ.

ನಕ್ಷೆ ಸರಳರೇಖೆಯಾದರೆ ವ್ಯವಸ್ಥೆ ರೇಖೀಯ ಎಂಬ ತಪ್ಪು ತಿಳಿವಳಿಕೆಯನ್ನು ಪುಸ್ತಕ ಮೊದಲ ಅಧ್ಯಾಯದಲ್ಲೇ ತಿದ್ದುತ್ತದೆ. ಇನ್‌ಪುಟ್‌ನ ಎರಡರಷ್ಟಕ್ಕೆ 3 ಕೂಡಿಸಿ ಕೊಡುವ ವ್ಯವಸ್ಥೆಯೊಂದಿದೆ ಎನ್ನಿ. ಇನ್‌ಪುಟ್ 1ಕ್ಕೆ ಔಟ್‌ಪುಟ್ 5, 2ಕ್ಕೆ 7. ಎರಡನ್ನೂ ಕೂಡಿಸಿ 3 ಕೊಟ್ಟಾಗ 12 ಬರಬೇಕಿತ್ತು, ಬರುವುದು 9. ಅಧ್ಯಾರೋಪಣ ತತ್ತ್ವ ಇಲ್ಲಿ ಸಲ್ಲುವುದಿಲ್ಲ. ಈ ತತ್ತ್ವ, ಜೊತೆಗೆ ಕಾಲ ಕಳೆದರೂ ವ್ಯವಸ್ಥೆ ಬದಲಾಗದೆಂಬ ಗುಣ, ಇವೆರಡರಿಂದಲೇ ಕನ್ವಲ್ಯೂಷನ್ ಸೂತ್ರವನ್ನು ಪಡೆಯುವ ರೀತಿ ಮೆಚ್ಚುವಂಥದು.

ಆದರೂ ನಮ್ಮ ತರಗತಿಗಳಲ್ಲಿ ಕನ್ವಲ್ಯೂಷನ್ ಎಂದರೆ ‘ತಿರುಗಿಸು, ಸರಿಸು, ಗುಣಿಸು, ಅನುಕಲಿಸು’ ಎಂಬ ಮಂತ್ರವಾಗಿಬಿಡುತ್ತದೆ. ಇದರಲ್ಲಿ ಪುಸ್ತಕದ ಪಾಲೂ ಇದೆ. ಅತಿ ಕಿರಿದಾದ ಸ್ಪಂದಕ್ಕೆ ವ್ಯವಸ್ಥೆ ಹೇಗೆ ಸ್ಪಂದಿಸುತ್ತದೆ ಎಂಬ ವಿವರಣೆ ಎರಡನೆಯ ಅಧ್ಯಾಯದ ಕೊನೆಗೆ ಬರುತ್ತದೆ. ಅಷ್ಟರಲ್ಲಿ ಸೂತ್ರ ಬಳಕೆಗೆ ಬಂದಿರುತ್ತದೆ. ಪಠ್ಯ ಮುಗಿಸುವ ಅವಸರದಲ್ಲಿ ಅದು ಸುಲಭವಾಗಿ ಬಿಟ್ಟುಹೋಗುತ್ತದೆ. ಪಾಠ ಶುರುವಾಗಬೇಕಾದದ್ದೇ ಅಲ್ಲಿಂದ.

10 ಕಿಲೋಓಮ್ ರೋಧಕವನ್ನೂ 100 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಸರಣಿಯಲ್ಲಿ ಜೋಡಿಸಿದರೆ ಕಾಲಸ್ಥಿರಾಂಕ 1 ಸೆಕೆಂಡ್. ಇದಕ್ಕೆ 5 ವೋಲ್ಟನ್ನು 0.05 ಸೆಕೆಂಡ್ ಕೊಟ್ಟರೆ ಕೆಪಾಸಿಟರ್ 0.244 ವೋಲ್ಟಿಗೇರುತ್ತದೆ; 10 ವೋಲ್ಟನ್ನು 0.025 ಸೆಕೆಂಡ್ ಕೊಟ್ಟರೆ 0.247ಕ್ಕೆ. ಹೆಚ್ಚುಕಡಿಮೆ ಒಂದೇ! ಮಂಡಲಕ್ಕೆ ತಿಳಿದದ್ದು ಸ್ಪಂದದ ಆಕಾರವಲ್ಲ, ಅದರ ವಿಸ್ತೀರ್ಣ: 0.25 ವೋಲ್ಟ್-ಸೆಕೆಂಡ್. ಇಂಪಲ್ಸ್ ಎಂದರೆ ಇದೇ. ಬಳಿಕ ಇನ್‌ಪುಟ್ಟನ್ನು ಸೊನ್ನೆ ವೋಲ್ಟಿನಲ್ಲಿಟ್ಟರೆ ಕೆಪಾಸಿಟರಿನ ವೋಲ್ಟೇಜ್ ಸೆಕೆಂಡಿಗೆ ಶೇ. 37ಕ್ಕೆ ಇಳಿಯುತ್ತದೆ. ಯಾವುದೇ ಇನ್‌ಪುಟ್ ಇಂಥ ಸಣ್ಣ ಸ್ಪಂದಗಳ ಸಾಲು. ಪ್ರತಿಯೊಂದೂ ಹೀಗೆ ಕುಗ್ಗುತ್ತ ಹೋಗುವ ಬಾಲವನ್ನು ಬಿಡುತ್ತದೆ. ಈ ಕ್ಷಣದಲ್ಲಿ ಉಳಿದಿರುವ ಬಾಲಗಳ ಮೊತ್ತವೇ ಕನ್ವಲ್ಯೂಷನ್. ಹಳೆಯ ಸ್ಪಂದ ಹೆಚ್ಚು ಕುಗ್ಗಿರುತ್ತದೆ. ‘ತಿರುಗಿಸು’ ಎಂಬುದರ ಅರ್ಥ ಇಷ್ಟೆ.

ರೇಖೀಯತೆಯ ಮಿತಿಯನ್ನು ಪುಸ್ತಕ ಸೂಚಿಸಿ ಮುಂದೆ ಸಾಗುತ್ತದೆ. 12 ವೋಲ್ಟ್ ಪೂರೈಕೆಯ ಸಾಮಾನ್ಯ ಆಪ್-ಆಂಪ್ ವರ್ಧಕ 20 ವೋಲ್ಟ್ ಕೊಡಲಾರದು. ಲೋಲಕದ ಸಮೀಕರಣ ಸಣ್ಣ ಕೋನಗಳಿಗಷ್ಟೇ ರೇಖೀಯ. ಇದನ್ನು ಅಧ್ಯಾಪಕರೇ ತುಂಬಿಕೊಡಬೇಕು. ಗಣಿತಕ್ಕೆ ಈ ಪುಸ್ತಕ ಸಾಕು. ಪಕ್ಕದಲ್ಲಿ ಒಂದು ರೋಧಕ, ಒಂದು ಕೆಪಾಸಿಟರ್ ಇರಲಿ.