ಬಂದಾನ, ಬಂದಾನು



ಕಳೆದ ಕೂಟದಲ್ಲಿ ಧಾರವಾಡ ಕಡೆಯ ಗೆಳತಿಯೊಬ್ಬರು ತಮ್ಮ ಮೊದಲ ಕತೆ ಓದಿದರು. ನಾವು ಬಹುಪಾಲು ಮಂದಿ ‘ತುಂಬಾ ಚೆನ್ನಾಗಿದೆ’ ಎಂದು ಬಿಸಿಬೇಳೆಬಾತಿನ ಕಡೆ ಹೊರಟೆವು. ಮೈಸೂರು ಕಡೆಯ ಹಿರಿಯರೊಬ್ಬರು ಮಾತ್ರ, ‘ತಮ್ಮ ಬಂದಾನ’ ಎಂಬ ವಾಕ್ಯ ತಪ್ಪು, ಬರೆದವರಿಗೆ ವ್ಯಾಕರಣ ಗೊತ್ತಿಲ್ಲ ಎಂದುಬಿಟ್ಟರು. ಅವರಿಗೆ ಅದು ‘ಬಂದಾನು’ ಎಂದು ಕೇಳಿಸಿತ್ತು. ಬಂದರೂ ಬರಬಹುದು ಎಂಬ ಅರ್ಥದಲ್ಲಿ. ಧಾರವಾಡದಲ್ಲಿ ‘ಬಂದಾನ’ ಎಂದರೆ ಬಂದೇ ಬಿಟ್ಟಿದ್ದಾನೆ, ಬಾಗಿಲಲ್ಲಿ ನಿಂತಿದ್ದಾನೆ. ಕತೆ ನಿಂತಿರುವುದೇ ಆ ಒಂದು ಮಾತಿನ ಮೇಲೆ. ಇದು ಗೊತ್ತಿದ್ದವರು ನಮ್ಮಲ್ಲಿ ನಾಲ್ಕಾರು ಜನ ಇದ್ದೆವು. ಹಿರಿಯರಿಗೆ ಎದುರಾಡುವುದು ಹೇಗೆಂದು ಸುಮ್ಮನಾದೆವು. ಗೆಳತಿ ಊಟ ಮಾಡದೆ ಹೊರಟುಹೋದರು.

9ನೇ ಶತಮಾನದ ಕವಿರಾಜಮಾರ್ಗದ ಮೊದಲ ಪರಿಚ್ಛೇದವೇ ಕಾವ್ಯದೋಷಗಳ ವಿಚಾರ. (ಬರೆದವನು ನೃಪತುಂಗನೋ ಶ್ರೀವಿಜಯನೋ ಎಂಬ ಜಗಳ ಇನ್ನೊಂದು ಸಂಚಿಕೆಗಿರಲಿ.) ದೋಷವಿರುವ ಪದ್ಯ ಕೊಟ್ಟು, ಅದನ್ನೇ ತಿದ್ದಿಯೂ ತೋರಿಸುತ್ತಾನೆ. ವಿಮಲೋದಯ, ನಾಗಾರ್ಜುನ, ದುರ್ವಿನೀತ ಎಂದು ಹೆಸರು ಹಿಡಿದು ಹೇಳುವುದು ಗೌರವಿಸುವಲ್ಲಿ. ದೇಸಿ ಬೇರೆಬೇರೆಯಾಗಿರುವುದರಿಂದ ಕನ್ನಡದ ದೋಷಗಳನ್ನು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತೆಂಬ ಮಾತೂ ಅಲ್ಲಿದೆ. ಬೀದರಿನವರೂ ಮಂಗಳೂರಿನವರೂ ನ್ಯೂಜೆರ್ಸಿಯ ಒಂದೇ ಬೇಸ್‌ಮೆಂಟಿನಲ್ಲಿ ಕೂತು ಓದುವ ನಾವು ಇದನ್ನು ಮರೆತದ್ದು ಹೇಗೋ!

ಹಾಗೆಂದು ಕತೆಯಲ್ಲಿ ಕುಂದಿಲ್ಲವೆಂದಲ್ಲ. ಇಪ್ಪತ್ತು ವರ್ಷ ದೂರವಿದ್ದ ತಮ್ಮ ಬಾಗಿಲಿಗೆ ಬಂದಾಗ ಅಕ್ಕ ‘ಊಟ ಆತೇನು?’ ಎನ್ನುತ್ತಾಳೆ. ಅಲ್ಲಿಗೆ ಕತೆ ಮುಗಿದಿದೆ. ಆಮೇಲಿನ ಮೂರು ಪ್ಯಾರಾಗಳಲ್ಲಿ ಆಕೆ ತಾಯ್ನಾಡಿನ ಬಗ್ಗೆ ಆಡುವುದು ನಮ್ಮ ರಾಜ್ಯೋತ್ಸವದ ಭಾಷಣ. ಅಡುಗೆಮನೆಯಿಂದ ಎದ್ದುಬಂದ ಆ ಅಕ್ಕನ ಮಾತಲ್ಲ. ಇದೂ ನಮಗೆ ಅಂದೇ ಹೊಳೆದಿತ್ತು. ಆದರೆ ಆಡಿದ್ದು ಮನೆಗೆ ಮರಳುವಾಗ ಕಾರಿನಲ್ಲಿ, ಅವರ ಬೆನ್ನ ಹಿಂದೆ.

ಈ ತಿಂಗಳು ಅವರು ಬರಲಿಲ್ಲ. ‘ಬಂದಾನ’ದ ವಿಷಯ ತಿಳಿಸಿದಾಗ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಕೆಯ ಫೋನ್ ನಂಬರು ಕೇಳಿ ಪಡೆದರು. ನಾವು ಕತೆಯ ಪ್ರತಿ ತರಿಸಿಕೊಂಡು, ಕೊನೆಯ ಪುಟದ ಅಂಚಿನಲ್ಲಿ ಮೇಲಿನ ಮಾತನ್ನೇ ಬರೆದು ಕಳಿಸಿದೆವು. ಇದನ್ನು ಇಲ್ಲಿ ಪ್ರಕಟಿಸಲು ಇಬ್ಬರೂ ಒಪ್ಪಿದ್ದಾರೆ. ಗೆಳತಿಯ ಉತ್ತರ ಹೀಗಿದೆ: ‘ಎರಡು ಪ್ಯಾರಾ ತಗದೇನಿ, ಒಂದು ಉಳಿಸೇನಿ. ಅದರ ಸಲುವಾಗಿ ಮುಂದಿನ ತಿಂಗಳು ಜಗಳಾಡಾಕ ಬರ್ತೇನಿ.’