ಕೇಳದೆ ಹೇಳುವ ಸಲಹೆ

ಹೊಸ ಟಿವಿ ತರಬೇಕು, ಪಿಯುಸಿ ಮುಗಿಸಿದ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಬೇಕು ಎಂದು ಮನೆಯಲ್ಲಿ ತೀರ್ಮಾನವಾದ ಕೂಡಲೇ ಒಂದು ಫೋನ್ ಕರೆ ಹೋಗುತ್ತದೆ. ಬೆಂಗಳೂರಿನ ಯಾವುದೋ ಐಟಿ ಕಂಪನಿಯಲ್ಲಿರುವ ಅಕ್ಕನ ಮಗನಿಗೆ, ಇಲ್ಲವೇ ಆಫೀಸಿನಲ್ಲಿ ‘ಇದೆಲ್ಲ ಗೊತ್ತಿರುವ’ ಗೆಳೆಯನಿಗೆ. “ಯಾವುದು ತಗೊಂಡ್ರೆ ಒಳ್ಳೇದೋ?” ಅತ್ತ ಕಡೆಯವನು ಮೀಟಿಂಗಿನಲ್ಲಿರಬಹುದು, ಸಿಗ್ನಲ್‌ನಲ್ಲಿ ನಿಂತಿರಬಹುದು, ಉತ್ತರ ಮಾತ್ರ ತಡವಾಗುವುದಿಲ್ಲ. “ಐ ಸೆವೆನ್ ತಗೊಳ್ಳಿ ಮಾವ, ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಟಿವಿ ಆದ್ರೆ ಫೋರ್ ಕೆ, ಐವತ್ತೈದಿಂಚಿಗಿಂತ ಕಮ್ಮಿ ಬೇಡ.” ಬ್ಯಾಂಕಿನ ಸಾಫ್ಟ್‌ವೇರ್ ಬರೆಯುವ ಹುಡುಗನನ್ನು ಟಿವಿ ಪರದೆಯ ಬಗ್ಗೆ ಕೇಳುವುದು, ಲಾರಿ ಡ್ರೈವರನ್ನು ಟೈರಿನ ರಬ್ಬರ್ ಯಾವ ತೋಟದ್ದು ಎಂದು ಕೇಳಿದ ಹಾಗೆ. ಆದರೂ ಅವನು ಹೇಳುತ್ತಾನೆ. ನಾವೂ ನಂಬುತ್ತೇವೆ.

ಐವತ್ತು ಅರವತ್ತು ಸಾವಿರದ ವ್ಯವಹಾರ ಈ ಅರ್ಧ ನಿಮಿಷದ ಮಾತಿನ ಮೇಲೆ ನಿಂತಿರುತ್ತದೆ. ಇನ್ನೂರು ರೂಪಾಯಿಯ ಪುಸ್ತಕಕ್ಕೂ ನೂರೈವತ್ತರ ಸಿನಿಮಾ ಟಿಕೆಟ್ಟಿಗೂ ವಿಮರ್ಶೆ ಓದುವ ನಾವು ಈ ಸಲಹೆಯನ್ನು ಮಾತ್ರ ಒರೆಗೆ ಹಚ್ಚುವುದಿಲ್ಲ. ಪುಕ್ಕಟೆ ಬಂದದ್ದು, ಪ್ರೀತಿಯಿಂದ ಬಂದದ್ದು ಎಂಬ ದಾಕ್ಷಿಣ್ಯ. ಪ್ರೀತಿಯ ಬಗ್ಗೆ ನನ್ನ ತಕರಾರಿಲ್ಲ. ಅಂಗಡಿಯಲ್ಲಿ ನಮ್ಮ ಬೆನ್ನಿಗೆ ಬೀಳುವ, ಒಂದೇ ಕಂಪನಿಯ ಟಿವಿ ಮಾರಲೆಂದು ಆ ಕಂಪನಿಯೇ ನಿಲ್ಲಿಸಿರುವ ಪ್ರಮೋಟರ್‌ಗಿಂತ ಅಕ್ಕನ ಮಗ ಸಾವಿರ ಪಾಲು ಪ್ರಾಮಾಣಿಕ. ನನ್ನ ತಕರಾರಿರುವುದು ಸಲಹೆಯ ಸರಕಿನ ಬಗ್ಗೆ.

ಒಂದು ಕಾಲದಲ್ಲಿ ಈ ಪದ್ಧತಿಗೆ ಅರ್ಥವಿತ್ತು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು. 1987ರಲ್ಲಿ ‘ರಾಮಾಯಣ’ ಶುರುವಾದ ಮೇಲಂತೂ ಟಿವಿ ಇಲ್ಲದ ಮನೆಯವರು ಭಾನುವಾರ ಬೆಳಿಗ್ಗೆ ಇದ್ದ ಮನೆಗೆ ಹೋಗಿ ಕೂತರು. ಆಗ ಆಯ್ಕೆಯೇ ಕಡಿಮೆ. ನಮ್ಮ ಬೆಂಗಳೂರಿನದೇ ಆದ ಬಿಪಿಎಲ್, ಮದರಾಸಿನ ಡಯನೋರಾ ಮತ್ತು ಸಾಲಿಡೇರ್, ಒನಿಡಾ, ವಿಡಿಯೋಕಾನ್. ಪಿಕ್ಚರ್ ಟ್ಯೂಬಿನ ಆ ಪೆಟ್ಟಿಗೆ ವರ್ಷದಿಂದ ವರ್ಷಕ್ಕೆ ಹೆಚ್ಚೇನೂ ಬದಲಾಗುತ್ತಿರಲಿಲ್ಲ. ಪಕ್ಕದ ಮನೆಯವರು ಐದು ವರ್ಷ ನೋಡಿದ ಸೆಟ್ಟಿನ ಬಗ್ಗೆ ಹೇಳಿದ ಮಾತು ಆರನೆಯ ವರ್ಷವೂ ನಿಜವಾಗಿರುತ್ತಿತ್ತು. ಜನ ಇನ್ನೊಬ್ಬನನ್ನೂ ಕೇಳುತ್ತಿದ್ದರು, ಪೇಟೆಯ ರೇಡಿಯೋ-ಟಿವಿ ರಿಪೇರಿಯವನನ್ನು. ಯಾವ ಸೆಟ್ಟು ಎಷ್ಟು ಸಲ ತನ್ನ ಮೇಜಿಗೆ ಬಂತು, ಯಾವುದರ ಸ್ಪೇರು ಸಿಗುತ್ತದೆ, ಯಾವುದರದು ಸಿಗುವುದಿಲ್ಲ ಎಂಬ ಲೆಕ್ಕ ಅವನ ಬಾಯಲ್ಲಿತ್ತು. ಇವತ್ತು ಆ ವಸ್ತುವೂ ಇಲ್ಲ, ಆ ನಿಧಾನವೂ ಇಲ್ಲ. ಕೇಳುವ ಅಭ್ಯಾಸ ಮಾತ್ರ ಉಳಿದಿದೆ. ಅದೂ ರಿಪೇರಿಯವನನ್ನು ಬಿಟ್ಟು.

‘ಐ ಸೆವೆನ್ ತಗೊಳ್ಳಿ’ ಎಂಬ ಮಾತನ್ನೇ ನೋಡಿ. ಅದರೊಳಗೆ ಒಂದು ವರ್ಷ ಅಡಗಿದೆ, ಹೇಳುವವನು ಕೊನೆಯ ಬಾರಿ ಲ್ಯಾಪ್‌ಟಾಪ್ ಕೊಂಡ ವರ್ಷ. 2017ರ ಸುಮಾರಿಗೆ ಚೆನ್ನಾಗಿ ಮಾರಾಟವಾದ ಐ7-7500ಯು ಎಂಬ ಇಂಟೆಲ್ ಪ್ರೊಸೆಸರಿನಲ್ಲಿ ಇದ್ದದ್ದು ಎರಡು ಕೋರ್, ಅಂದರೆ ಲೆಕ್ಕ ಮಾಡುವ ಘಟಕ. 2022ರಲ್ಲಿ ಬಂದ ಐ3-1215ಯು ಎಂಬ ‘ಬಡ’ ಪ್ರೊಸೆಸರಿನಲ್ಲಿ ಆರು. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ಒರೆಸಿ ಜೋಡಿಸಿಟ್ಟಿರುತ್ತಾರಲ್ಲ, ಅಲ್ಲಿ ‘ಐ7’ ಎಂಬ ಸ್ಟಿಕರ್ ನೋಡಿ, ಅಳಿಯ ಹೇಳಿದ್ದು ಇದನ್ನೇ ಎಂದು ಸಂಭ್ರಮದಿಂದ ಕೊಳ್ಳುವವರಿದ್ದಾರೆ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವುದು, ಬೆರಳೆಣಿಕೆಯ ಅಪವಾದ ಬಿಟ್ಟರೆ, ಇಂಟೆಲ್‌ನ ಎಂಟನೆಯ ತಲೆಮಾರು ಮತ್ತು ಅದರ ಈಚಿನವುಗಳನ್ನು. ವಿಂಡೋಸ್ 10ರ ಮಾಮೂಲಿ ಬೆಂಬಲವಾದರೋ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಂಟನೆಯದಕ್ಕಿಂತ ಹಳೆಯ ತಲೆಮಾರಿನ ಆ ‘ಐ7’ ಎರಡರ ನಡುವೆ ಸಿಕ್ಕಿಕೊಂಡ ಸರಕು. ಸಲಹೆ ಕೊಟ್ಟವನು ಸುಳ್ಳು ಹೇಳಲಿಲ್ಲ. ಸಂಖ್ಯೆ ಹೇಳಿದ, ತಲೆಮಾರು ಹೇಳಲಿಲ್ಲ.

ತಲೆಮಾರು ತಿಳಿದರೆ ಸಾಕೇ ಅಂದರೆ, ಅದೂ ಸಾಲದು. ಎಎಂಡಿ ಕಂಪನಿಯ 7000 ಸರಣಿಯಲ್ಲಿ ರೈಜನ್ 5 7520ಯು, 7530ಯು, 7540ಯು ಎಂದು ಮೂರಿವೆ. ಹತ್ತು ಹತ್ತರ ಅಂತರ, ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಮೂರನೆಯ ಅಂಕಿ ಒಳಗಿನ ವಿನ್ಯಾಸವನ್ನು ಸೂಚಿಸುತ್ತದೆ: ಮೊದಲನೆಯದರ ವಿನ್ಯಾಸ 2019ರ ಕಾಲದ್ದು, ಎರಡನೆಯದರದು 2020ರದು, ಮೂರನೆಯದರದು 2022ರದು. ‘ರೈಜನ್ ಫೈವ್ ಸೂಪರ್’ ಎಂದು ಹೇಳಿದವನಿಗೆ ಇದು ಗೊತ್ತಿರಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಗಿರಾಕಿಗೆ ಅರ್ಥವಾಗಬಾರದೆಂದೇ ಹೆಸರಿಟ್ಟಂತಿದೆ. ಅದು ಕಂಪನಿಯ ಪಾಪ, ಗೆಳೆಯನದಲ್ಲ. ಗೆಳೆಯನ ಪಾಪ ಬೇರೆ: ‘ಈಗ ಎಂಟು ಜಿಬಿ ಸಾಕು, ಆಮೇಲೆ ರ‍್ಯಾಮ್ ಹಾಕಿಸಿಕೊಂಡರಾಯಿತು’ ಎನ್ನುವುದು. ಇದು ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ ನಿಜವಾಗಿತ್ತು, ಅದರಲ್ಲಿ ರ‍್ಯಾಮಿಗೆ ಖಾಲಿ ಸ್ಲಾಟ್ ಇತ್ತು. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆಮೇಲೆ ಎಂಬುದು ಅಲ್ಲಿಲ್ಲ.

ಇವೆಲ್ಲ ಮಾಹಿತಿಯ ಕೊರತೆ. ಒಂದು ಸಂಜೆ ಕೂತು ಓದಿದರೆ ತುಂಬಿಕೊಳ್ಳಬಹುದು. ಈ ಸಲಹೆಯ ಆಳದ ದೋಷ ಅದರಲ್ಲಿ ಪ್ರಶ್ನೆಯೇ ಇಲ್ಲದಿರುವುದು. ಲ್ಯಾಪ್‌ಟಾಪಿನಲ್ಲಿ ಏನು ಮಾಡುತ್ತೀರಿ ಎಂದು ಎಷ್ಟು ಜನ ಕೇಳುತ್ತಾರೆ? ಪುಸ್ತಕಗಳ ಪುಟ ಕಟ್ಟುವ ಡಿಟಿಪಿಯವರೊಬ್ಬರನ್ನು ಊಹಿಸಿಕೊಳ್ಳಿ. ಅಡೋಬಿ ಕಂಪನಿ ಎಂದೋ ಕೈಬಿಟ್ಟ ಪೇಜ್‌ಮೇಕರ್‌ನಲ್ಲೇ ಅವರ ಬೆರಳು ಓಡುವುದು. ಇಪ್ಪತ್ತು ವರ್ಷದ ಕೆಲಸವೆಲ್ಲ ನುಡಿ, ಶ್ರೀಲಿಪಿ ಫಾಂಟುಗಳಲ್ಲಿದೆ. ಅಂಥವರಿಗೆ ಮ್ಯಾಕ್‌ಬುಕ್ ಏರ್ ಕೊಡಿಸಿದರೆ ಸೊಗಸಾದ ಯಂತ್ರವೊಂದು ಮೇಜಿನ ಮೇಲೆ ಹೊಳೆಯುತ್ತ ಕೂರುತ್ತದೆ, ಕೆಲಸ ಪಕ್ಕದ ಹಳೆಯ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಬಿ.ಕಾಂ. ಓದುವ ಹುಡುಗಿಗೆ ‘ಗ್ರಾಫಿಕ್ಸ್ ಕಾರ್ಡ್ ಇರ್ಲಿ, ಫ್ಯೂಚರಿಗೆ’ ಎಂದು ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸುವವರಿದ್ದಾರೆ. ಎರಡೂಕಾಲು ಕಿಲೋ ತೂಕ, ಅದರ ಮೇಲೆ ಇಟ್ಟಿಗೆಯಂಥ ಚಾರ್ಜರು, ಮಧ್ಯಾಹ್ನದೊಳಗೆ ಮುಗಿಯುವ ಬ್ಯಾಟರಿ. ಅದನ್ನು ಬೆನ್ನಿಗೆ ಹಾಕಿಕೊಂಡು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ನಿಂತು ಹೋಗುವವಳು ಅವಳು. ಗೇಮ್ ಆಡಬೇಕೆಂದಿದ್ದವನು ಸಲಹೆ ಕೊಟ್ಟವನು.

ಟಿವಿಯ ವಿಷಯದಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ಊರಿನಲ್ಲಿರುವ ಅಮ್ಮ ನೋಡುವುದು ಸಂಜೆಯ ಧಾರಾವಾಹಿ. ಕೇಬಲ್ಲಿನದೋ ಡಿಟಿಎಚ್‌ನದೋ ಮಾಮೂಲಿ ಪ್ಯಾಕು, ಎಚ್‌ಡಿ ಅಲ್ಲ. ನಮ್ಮಲ್ಲಿ ಎಸ್‌ಡಿ ಚಿತ್ರವೆಂದರೆ ಹೆಚ್ಚೆಂದರೆ 720 ಗುಣಿಸು 576 ಚುಕ್ಕಿ. ಫೋರ್ ಕೆ ಪರದೆಯಲ್ಲಿರುವುದು 3840 ಗುಣಿಸು 2160. ಗುಣಿಸಿ ಭಾಗಿಸಿದರೆ ಸರಿಯಾಗಿ ಇಪ್ಪತ್ತು ಪಟ್ಟು. ಅಂದರೆ ಬಂದ ಒಂದೊಂದು ಚುಕ್ಕಿಗೂ ಹತ್ತೊಂಬತ್ತನ್ನು ಟಿವಿ ತಾನೇ ಊಹೆಮಾಡಿ ತುಂಬಬೇಕು. ಅಗ್ಗದ ಟಿವಿಯ ಊಹಾಶಕ್ತಿಯೂ ಅಗ್ಗವೇ. ಹಳೆಯ ಮೂವತ್ತೆರಡಿಂಚಿನ ಸೆಟ್ಟಿನಲ್ಲಿ ಚೊಕ್ಕಟವಾಗಿದ್ದ ಮುಖಗಳು ಐವತ್ತೈದಿಂಚಿನಲ್ಲಿ ಮಸುಕಾಗುತ್ತವೆ, ಅಮ್ಮ ತನ್ನ ಕಣ್ಣಿಗೇ ಪೊರೆ ಬಂತೇನೋ ಎಂದು ಅನುಮಾನಿಸುತ್ತಾಳೆ. ‘ಅಜ್ಜಿ ಏನು ನೋಡ್ತಾರೆ, ಯಾವ ಸೆಟ್‌ಟಾಪ್ ಬಾಕ್ಸ್ ಇದೆ, ಗೋಡೆಗೂ ಕುರ್ಚಿಗೂ ಎಷ್ಟು ಅಡಿ’ ಎಂಬ ಮೂರು ಪ್ರಶ್ನೆ ಕೇಳಿದ್ದರೆ ಇಪ್ಪತ್ತು ಸಾವಿರ ಉಳಿಯುತ್ತಿತ್ತು. ನಡುಮನೆಯ ತುಂಬ ಅಕ್ಕಪಕ್ಕ ಕೂತು ನೋಡುವ ಮನೆಗೆ, ಬದಿಯಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಪ್ಯಾನೆಲ್ ಹಿತ. ರಾತ್ರಿ ದೀಪ ಆರಿಸಿ ಎದುರಿಗೇ ಕೂತು ಸಿನಿಮಾ ನೋಡುವವರಿಗೆ ಕಪ್ಪನ್ನು ಚೆನ್ನಾಗಿ ತೋರಿಸುವ ವಿಎ ಪ್ಯಾನೆಲ್. ಅಂಗಡಿಯಲ್ಲಿ ಇದು ತಿಳಿಯುವುದಿಲ್ಲ. ಅಲ್ಲಿ ಟಿವಿಗಳನ್ನು ಡೆಮೊ ಮೋಡಿನಲ್ಲಿಟ್ಟು, ಪ್ರಖರತೆಯನ್ನು ತುತ್ತತುದಿಗೆ ಏರಿಸಿ, ಮೀನು ಹೂವು ಓಡಿಸುತ್ತಿರುತ್ತಾರೆ.

ಬ್ರ್ಯಾಂಡಿನ ಮಾತು ಬಂದರೆ ಗೆಳೆಯರೆಲ್ಲ ಇತಿಹಾಸಕಾರರಾಗುತ್ತಾರೆ. ‘ತೋಷಿಬಾ ಅಂದ್ರೆ ಜಪಾನ್ ಕಣ್ರೀ’ ಎಂದು ಈಗಲೂ ಹೇಳುವವರುಂಟು. ತೋಷಿಬಾದ ಟಿವಿ ವ್ಯವಹಾರ 2018ರಿಂದ ಚೀನಾದ ಹೈಸೆನ್ಸ್ ಕೈಯಲ್ಲಿದೆ. ಕೊಡಾಕ್, ಥಾಮ್ಸನ್ ಎಂಬ ಹಳೆಯ ಹೆಸರಿನ ಟಿವಿಗಳನ್ನು ಭಾರತದಲ್ಲಿ ಪರವಾನಗಿ ಪಡೆದು ತಯಾರಿಸುತ್ತ ಬಂದಿರುವುದು ನೋಯ್ಡಾ ಕಡೆಯ ಸೂಪರ್ ಪ್ಲಾಸ್ಟ್ರಾನಿಕ್ಸ್. ಅವು ಕೆಟ್ಟವೆಂದು ನಾನು ಹೇಳುತ್ತಿಲ್ಲ, ಹೆಸರು ನೋಡಿ ಯೂರೋಪನ್ನೋ ಅಮೆರಿಕವನ್ನೋ ಕೊಳ್ಳುತ್ತಿದ್ದೇವೆ ಎಂದುಕೊಳ್ಳಬೇಡಿ ಅಷ್ಟೆ. ತೆರಿಗೆಯ ಮಾತೂ ಹೀಗೆಯೇ. 2025ರ ಸೆಪ್ಟೆಂಬರ್ 22ರಿಂದ ಮೂವತ್ತೆರಡಿಂಚು ಮೀರಿದ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ‘ಹತ್ತು ಪರ್ಸೆಂಟ್ ಕಮ್ಮಿ ಆಗ್ಬೇಕು, ಬಿಡಬೇಡಿ’ ಎಂದು ಗೆಳೆಯರು ಹುರಿದುಂಬಿಸಿದರು. 128 ಇದ್ದದ್ದು 118 ಆದರೆ ಗಿರಾಕಿಗೆ ಇಳಿಯುವುದು ಶೇ. 8ಕ್ಕೂ ತುಸು ಕಡಿಮೆ. ಲ್ಯಾಪ್‌ಟಾಪಿಗೆ ಮೊದಲಿಂದಲೂ ಹದಿನೆಂಟೇ, ಅಲ್ಲಿ ಇಳಿದದ್ದು ಏನೂ ಇಲ್ಲ.

ಅಮೆರಿಕದಲ್ಲಿ ಮಗನೋ ಮಗಳೋ ಇರುವ ಮನೆಗಳಿಗೆ ಇನ್ನೊಂದು ಸಲಹೆ ತಪ್ಪಿದ್ದಲ್ಲ: ಅಲ್ಲಿಂದಲೇ ತರಿಸಿ. ಹದಿನೆಂಟು ದಾಟಿದ ಪ್ರಯಾಣಿಕ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು, ನಿಜ. ಎಲ್ಲ ಕಂಪನಿಗಳ ವಾರಂಟಿ ಅದರ ಜೊತೆ ವಿಮಾನ ಹತ್ತುವುದಿಲ್ಲ ಎಂಬುದೂ ನಿಜ. ಟಿವಿಯನ್ನಂತೂ ತರಿಸುವ ಮಾತೇ ಬೇಡ.

ಇಷ್ಟು ದೋಷವಿದ್ದೂ ಈ ಪದ್ಧತಿ ಏಕೆ ಉಳಿದಿದೆ ಎಂದರೆ ಅದು ಸಂಬಂಧದ ಕೆಲಸ, ಮಾಹಿತಿಯ ಕೆಲಸವಲ್ಲ. ಕೇಳದಿದ್ದರೆ ‘ನನಗೊಂದು ಮಾತು ಹೇಳಲಿಲ್ಲ’ ಎಂಬ ಬೇಸರ. ಕೇಳಿ, ಬೇರೆಯದನ್ನು ಕೊಂಡರೆ ಅದಕ್ಕಿಂತ ದೊಡ್ಡ ಬೇಸರ. ಸಲಹೆ ಕೊಟ್ಟವನ ಪಾಡೂ ಸುಖದ್ದಲ್ಲ. ವೈಫೈ ಹಿಡಿಯದಿದ್ದರೆ, ಪ್ರಿಂಟರ್ ಮುನಿಸಿಕೊಂಡರೆ, ರಿಮೋಟಿನ ಯಾವುದೋ ಗುಂಡಿ ಒತ್ತಿ ಟಿವಿ ತಾನಾಗಿ ಇಂಗ್ಲಿಷಿನಲ್ಲಿ ಮಾತಾಡತೊಡಗಿದರೆ ಎಲ್ಲಕ್ಕೂ ಅವನೇ. ಕೊಂಡ ವಸ್ತು ಕೆಟ್ಟರೆ ‘ನೀನೇ ಹೇಳಿದ್ದಲ್ಲವೋ’ ಎಂಬ ಮಾತು ಮದುವೆ ಮುಂಜಿಗಳಲ್ಲಿ ಅವನ ಹಿಂದೆ ಬರುತ್ತದೆ. ಆದ್ದರಿಂದಲೇ ಬುದ್ಧಿವಂತನಾದ ಸಲಹೆಗಾರ ನಮಗೆ ಒಗ್ಗುವುದನ್ನು ಹೇಳದೆ ತನಗೆ ಬೈಗುಳ ತಾರದ್ದನ್ನು ಹೇಳುತ್ತಾನೆ: ಎಲ್ಲರೂ ಬಲ್ಲ ಹೆಸರು, ಇದ್ದುದರಲ್ಲಿ ದುಬಾರಿಯದು. ಅವನ ಎಚ್ಚರಿಕೆಯ ಖರ್ಚು ನಮ್ಮ ಜೇಬಿನದು.

ಹಾಗಾದರೆ ಗೆಳೆಯರನ್ನು ಕೇಳಲೇಬಾರದೆ? ಕೇಳಬೇಕು, ಅವರು ಕಂಡದ್ದನ್ನು ಕೇಳಬೇಕು. ಮೂರು ವರ್ಷ ಬಳಸಿದ ಲ್ಯಾಪ್‌ಟಾಪಿನ ಹಿಂಜ್ ಬಿರುಕು ಬಿಟ್ಟಿತೇ, ಬ್ಯಾಟರಿ ಈಗ ಎಷ್ಟು ಹೊತ್ತು ಬರುತ್ತದೆ, ಮಳೆಗಾಲದ ವೋಲ್ಟೇಜ್ ಏರುಪೇರಿಗೆ ಟಿವಿಯ ಬೋರ್ಡು ಹೋದಾಗ ಕಂಪನಿಯವರು ಎಷ್ಟು ದಿನಕ್ಕೆ ಬಂದರು, ಶಿರಸಿಗೋ ಸಿಂಧನೂರಿಗೋ ಮನೆಗೇ ಬರುತ್ತಾರೋ, ಇಲ್ಲ ನಾವೇ ಜಿಲ್ಲಾಕೇಂದ್ರಕ್ಕೆ ಹೊತ್ತುಕೊಂಡು ಹೋಗಬೇಕೋ. ಇದು ಯಾವ ಜಾಹೀರಾತಿನಲ್ಲೂ, ಯಾವ ಯೂಟ್ಯೂಬ್ ವಿಮರ್ಶೆಯಲ್ಲೂ ಸಿಗದ ಸಾಕ್ಷ್ಯ. ಪೆಟ್ಟಿಗೆ ಬಿಚ್ಚಿ ತೋರಿಸುವವರು ಮೂರನೆಯ ವರ್ಷಕ್ಕೆ ಕಾಯುವುದಿಲ್ಲ. ರಿಪೇರಿಯವರನ್ನು ಮತ್ತೆ ಕೇಳಬೇಕೆಂಬುದೂ ನನ್ನ ವಾದ. ಟಿವಿ ಪರದೆಯ ಹಿಂದಿರುವ ಬೆಳಕಿನ ಪಟ್ಟಿ ಹೋದರೆ ಪೇಟೆಯಲ್ಲೇ ಕಡಿಮೆ ಖರ್ಚಿನಲ್ಲಿ ಸರಿಮಾಡಬಹುದು, ಪ್ಯಾನೆಲ್ಲಿಗೇ ಗೆರೆ ಬಿದ್ದರೆ ಹೊಸ ಟಿವಿಯ ಬೆಲೆಯ ಹತ್ತಿರ ಹೋಗುತ್ತದೆ ಎಂಬುದನ್ನು ಅವರು ಎರಡು ಮಾತಿನಲ್ಲಿ ಹೇಳುತ್ತಾರೆ. ಯಾವುದು ಕೊಳ್ಳಬೇಕೆಂಬ ತೀರ್ಪನ್ನು ಮಾತ್ರ ಕೊಳ್ಳುವವರೇ ಕೊಡಬೇಕು. ಏನು ಕೆಲಸ, ಯಾರು ಬಳಸುವವರು, ಎಷ್ಟು ವರ್ಷ, ಎಷ್ಟು ದುಡ್ಡು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡ ಮೇಲೆ ಆ ತೀರ್ಪು ಅಷ್ಟೇನೂ ಕಷ್ಟವಲ್ಲ.

ಗೆಳೆಯರ ಸಲಹೆಗಳಲ್ಲಿ ಸಾರಾಸಗಟಾಗಿ ತಿರಸ್ಕರಿಸಬೇಕಾದದ್ದು ಒಂದಿದೆ. ‘ನಮ್ಮ ಪರಿಚಯದ ಅಂಗಡಿ, ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿಗೆ ಕೊಡ್ತಾನೆ.’ ಬಿಲ್ಲಿಲ್ಲದಿದ್ದರೆ ನಾಳೆ ವಾರಂಟಿಗೂ ದೂರಿಗೂ ಕೈಯಲ್ಲಿ ಆಧಾರವಿರುವುದಿಲ್ಲ. ಯಾರು ಹೇಳಿದ್ದನ್ನೇ ಕೊಳ್ಳಿ, ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೈಗೆ ಬರುವವರೆಗೆ ಅಂಗಡಿಯಿಂದ ಹೊರಡಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕನ್ನಡದಲ್ಲೂ ದೂರು ತೆಗೆದುಕೊಳ್ಳುತ್ತಾರೆ.