ಉತ್ತೀರ್ಣತೆಯ ಅಳತೆ



ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಶಿಗ್ಗಾಂವ ತಾಲೂಕಿನ ಮನೆಮನೆಗಳಲ್ಲಿ ಕೇಳುವುದು ಒಂದೇ ಪ್ರಶ್ನೆ: ಪಾಸೋ, ನಪಾಸೋ? ಈ ಎರಡರ ನಡುವಿನ ಗೆರೆಯನ್ನು ಎಲ್ಲಿ ಎಳೆಯುವುದು ನ್ಯಾಯ? ಶ್ರೀಮಠದ ಪ್ರಸಾದ ನಿಲಯದಲ್ಲಿದ್ದು ಆ ಗೆರೆಯನ್ನು ದಾಟಿ ಬಂದ ತಾವು ಇದನ್ನು ಅನ್ಯರ ವಿಷಯವೆಂದು ಎಣಿಸಲಾರಿರಿ.

2025ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರವು ಉತ್ತೀರ್ಣತೆಯ ಒಟ್ಟು ಮಿತಿಯನ್ನು ಶೇಕಡಾ 35ರಿಂದ 33ಕ್ಕೆ, ಅಂದರೆ 625 ಅಂಕಗಳಲ್ಲಿ 206ಕ್ಕೆ ಇಳಿಸುವುದಾಗಿ ಪ್ರಕಟಿಸಿತು. ಕೇಂದ್ರೀಯ ಮಂಡಳಿಯ ಮಕ್ಕಳಿಗೆ 33 ಸಾಕಾಗುವಾಗ ನಮ್ಮ ಹಳ್ಳಿಯ ಮಕ್ಕಳಿಗೆ ಮಾತ್ರ 35 ಏಕೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಎರಡು ಅಂಕಗಳ ಇಳಿಕೆಯಿಂದ ವಿದ್ಯೆ ನಾಶವಾಯಿತೆಂದು ಹಲುಬುವುದೂ ಅತಿಶಯೋಕ್ತಿ.

ನಮ್ಮ ಆಕ್ಷೇಪ ಬೇರೆ. 625ರಲ್ಲಿ 125 ಅಂಕಗಳು ಶಾಲೆಯೇ ಕೊಡುವ ಆಂತರಿಕ ಅಂಕಗಳು. ಉಳಿದ 500 ಲಿಖಿತ ಪರೀಕ್ಷೆಯವು. ವಿಷಯವಾರು ಮಿತಿಗಳನ್ನು ಬದಿಗಿರಿಸಿ ಒಟ್ಟು ಅಂಕದ ಲೆಕ್ಕವನ್ನಷ್ಟೇ ನೋಡಿರಿ. ಆಂತರಿಕ ಅಂಕಗಳನ್ನು ಶಾಲೆ ಕೈಯೆತ್ತಿ ಪೂರ್ಣವಾಗಿ ಕೊಟ್ಟರೆ 206 ತಲುಪಲು ಲಿಖಿತ ಪರೀಕ್ಷೆಯಲ್ಲಿ 81 ಅಂಕ ಸಾಕು. ಅದು ಶೇಕಡಾ 16ಕ್ಕಿಂತ ತುಸು ಹೆಚ್ಚು ಮಾತ್ರ. ಹಾಗಿದ್ದ ಮೇಲೆ ಮಿತಿ 33 ಇರಲಿ, 35 ಇರಲಿ, ಆಂತರಿಕ ಅಂಕಗಳಲ್ಲಿ ಪ್ರಾಮಾಣಿಕತೆ ಇಲ್ಲದಿದ್ದರೆ ಆ ಸಂಖ್ಯೆಗೆ ಅರ್ಥವೇನು?

ಇನ್ನೊಂದು ಸಂಗತಿ 2024ರದು. ಆ ವರ್ಷ ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮೆರಾ ಕಾವಲು ಬಿಗಿಯಾಯಿತು. ಫಲಿತಾಂಶ ಕುಸಿಯುವುದನ್ನು ಕಂಡು ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಲಾಯಿತು; ಅದಕ್ಕೆ ಅರ್ಹತೆಯ ಮಿತಿಯನ್ನು 35ರಿಂದ 25ಕ್ಕೆ ಇಳಿಸಲಾಯಿತು. ಇಷ್ಟಾದರೂ 2023ರಲ್ಲಿ 83.89 ಇದ್ದ ಉತ್ತೀರ್ಣರ ಪ್ರಮಾಣ 73.40ಕ್ಕೆ ಇಳಿಯಿತು. ಧಾನ್ಯ ಅಳೆದಾದ ಮೇಲೆ ಸೇರನ್ನೇ ಬದಲಿಸುವ ವ್ಯಾಪಾರಿಯನ್ನು ನಮ್ಮ ಸಂತೆಯಲ್ಲಿ ಯಾರೂ ನಂಬುವುದಿಲ್ಲ. ಸ್ವಂತ ಬಲದಿಂದ ದಾಟಿದ ಬಡ ವಿದ್ಯಾರ್ಥಿಯ ಪ್ರಮಾಣಪತ್ರವೂ ಆಗ ಸಂಶಯಕ್ಕೆ ಗುರಿಯಾಗುತ್ತದೆ.

ಪ್ರಮಾಣಪತ್ರವು ಬರಿಯ ಕಾಗದವೆಂದು ಉಪೇಕ್ಷಿಸುವವರು ನಮ್ಮ ತಾಲೂಕಿನ ಶಿಶುನಾಳವನ್ನು ನೆನೆಯಲಿ. ಅನುಭಾವಿಯಾಗಿ ನಾಡಿಗೆ ಹೆಸರಾದ ಶರೀಫರು ಮೊದಲು ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕೆಲಕಾಲ ಶಾಲಾ ಶಿಕ್ಷಕರಾಗಿದ್ದರು. ಹಳ್ಳಿಯ ಹುಡುಗನೊಬ್ಬನಿಗೆ ಪರೀಕ್ಷೆ ತೆರೆದ ಬಾಗಿಲು ಅದು. ಇಂದಿಗೂ ಕಾಲೇಜಿಗೆ, ಐ.ಟಿ.ಐ.ಗೆ, ಸಣ್ಣ ನೌಕರಿಗೆ ಎಸ್.ಎಸ್.ಎಲ್.ಸಿ.ಯೇ ಬಾಗಿಲು. ಅದನ್ನು ಅನ್ಯಾಯವಾಗಿ ಮುಚ್ಚುವುದು ಹೇಗೆ ತಪ್ಪೋ, ಒಳಗೆ ಹೋದವನು ಮೊದಲ ವರ್ಷವೇ ಮುಗ್ಗರಿಸುವಂತೆ ದೂಡುವುದೂ ಹಾಗೆಯೇ ತಪ್ಪು.

ಆದುದರಿಂದ ಮಿತಿ ಎಷ್ಟೇ ಇರಲಿ, ಅದು ವರ್ಷಾರಂಭದಲ್ಲಿಯೇ ಗೊತ್ತಾಗಿರಬೇಕು, ನಡುವೆ ಕದಲಬಾರದು, ಎಲ್ಲ ಶಾಲೆಗಳಿಗೂ ಒಂದೇ ಬಗೆಯಲ್ಲಿ ಅನ್ವಯವಾಗಬೇಕು. ಕರುಣೆ ತೋರುವುದಿದ್ದರೆ ಪರೀಕ್ಷೆಗೆ ಮುಂಚೆ ತೋರಬೇಕು: ಖಾಲಿ ಇರುವ ಶಿಕ್ಷಕರ ಹುದ್ದೆಯನ್ನು ತುಂಬುವುದರಲ್ಲಿ, ಗಣಿತ, ಇಂಗ್ಲೀಷಿನಲ್ಲಿ ಹಿಂದುಳಿದವನಿಗೆ ಸಂಜೆಯ ಪಾಠ ಹೇಳುವುದರಲ್ಲಿ. ಅನ್ನದೊಡನೆ ಅಕ್ಷರವನ್ನೂ ಉಣಿಸಿದ ಮಠಗಳ ಪರಂಪರೆಯಲ್ಲಿ ಬೆಳೆದ ತಾವು, ಮುಂದಿನ ಸಲ ಊರಿನ ಶಾಲೆಗೆ ಹೋದಾಗ ಶೇಕಡಾವಾರು ಫಲಿತಾಂಶವನ್ನು ಕೇಳಿ ಸುಮ್ಮನಾಗಬೇಡಿರಿ. ನಪಾಸಾದ ಹುಡುಗರು ಎಲ್ಲಿದ್ದಾರೆ, ಅವರಿಗೆ ಈಗ ಯಾರು ಕಲಿಸುತ್ತಿದ್ದಾರೆ ಎಂದು ಕೇಳಿರಿ.